ಗೊದ್ದದ ಮನೆಗೆ ಹಚ್ಚಿದ ಎಣ್ಣೆ

ನಮ್ಮ ಅಂಗಡಿಯಲ್ಲಿ ಒಂದು ಕಲ್ಲಿನ ಕೆಲಸ ಮುಗಿಯಿತು ಅನ್ನಬೇಕಾದರೆ ಅದಕ್ಕೆ ಅಪ್ಪ ಎಣ್ಣೆ ಹಚ್ಚಬೇಕು. ಕೆತ್ತಿ, ಅರ ಹಾಕಿ, ಉಪ್ಪುಕಾಗದದಿಂದ ಉಜ್ಜಿ, ತೊಳೆದು ಒಣಗಿಸಿದ ಬಳಪದ ಕಲ್ಲು ಬೂದಿ ಬಳಿದುಕೊಂಡ ಹಾಗೆ ಬಿಳಿಚಿಕೊಂಡಿರುತ್ತದೆ. ಅಪ್ಪ ಹಳೇ ಪಂಚೆಯ ಚೂರಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಎರಡು ಸುತ್ತು ಒರೆಸಿದನೆಂದರೆ, ಅದೇ ಕಲ್ಲು ಈಗ ತಾನೇ ಕೆರೆಯಿಂದ ಎದ್ದುಬಂದ ಎಮ್ಮೆಯ ಹಾಗೆ ಕಪ್ಪಗೆ ಮಿಂಚುತ್ತದೆ. ಈ ಕೊನೆಯ ಎಣ್ಣೆಯನ್ನು ಬೇರೆ ಯಾರೂ ಹಚ್ಚುವ ಹಾಗಿಲ್ಲ. ಹಚ್ಚಿದರೆ ಪಾಸು. ಹಚ್ಚದಿದ್ದರೆ ಬೆಂಚಿನ ಕೆಳಗಿನ ಬುಟ್ಟಿ.

ನಾನು ಕೆತ್ತಿದ್ದೆಲ್ಲ ಆ ಬುಟ್ಟಿಯಲ್ಲಿತ್ತು. ಹತ್ತನೇ ತರಗತಿಯ ರಜೆಯಲ್ಲಿ ಕೆತ್ತಿದ ಆನೆಯನ್ನು ಅಪ್ಪ ಅತ್ತಿತ್ತ ತಿರುಗಿಸಿ ನೋಡಿ, "ಹಂದಿ ಚೆನ್ನಾಗೈತೆ ಕಣ್ಲಾ" ಎಂದು ಬುಟ್ಟಿಗೆ ಹಾಕಿದ್ದ. ಅದರ ಮೇಲೆ ಮೂಗಿಲ್ಲದ ನಂದಿ. ಅದರ ಮೇಲೆ ಒಂದು ನರ್ತಕಿ. ಅವಳ ಸೊಂಟ ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ, ಅಪ್ಪನಿಗೆ ಹೇಗೆ ಗೊತ್ತಾಗಬೇಕು. ಹಳೇಬೀಡಿನಲ್ಲಿ ಹುಟ್ಟಿ, ಎಂಟುನೂರು ವರ್ಷಗಳಿಂದ ಸೊಂಟ ಸರಿಯಾಗಿಯೇ ಇರುವ ಅಷ್ಟೊಂದು ಹೆಂಗಸರನ್ನು ದಿನಾ ನೋಡಿಕೊಂಡು ಬೆಳೆದವನ ಕೈಯಿಂದ ಇಂಥದ್ದು ಹುಟ್ಟುವುದೂ ಒಂದು ಸಾಧನೆಯೇ.

ಹೀಗಾಗಿ ಅಪ್ಪ ಅಂಗಡಿಯ ಕೈ, ನಾನು ಅಂಗಡಿಯ ಬಾಯಿ. ಡಿಗ್ರಿ ಮುಗಿಸಿ ಬಂದವನು ಮಾರಾಟಕ್ಕೆ ನಿಂತೆ. ದೇವಸ್ಥಾನದ ಗೈಡು ಮೂಗಿನಿಂದ "ಈ ಕಡೆ ಗಮನಿಸಿ" ಅನ್ನುವುದು, ಅರಸೀಕೆರೆ ಬಸ್ಸಿನ ಕಂಡಕ್ಟರು ಊರ ಹೆಸರಿನ ಮೊದಲರ್ಧ ಮಾತ್ರ ಕೂಗಿ ಉಳಿದದ್ದನ್ನು ನುಂಗುವುದು, ಬೆಲೆ ಹೇಳುವ ಮೊದಲು ಅಪ್ಪ ಕೆಮ್ಮುವ ಎರಡು ಒಣ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿ ಸಿದ್ಧವಿರುತ್ತವೆ. ಒಮ್ಮೆ ಅಪ್ಪನ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮಿದೆನೆಂದರೆ ಒಳಗಿನಿಂದ ಅವ್ವ ಮೆಣಸಿನ ಕಷಾಯ ಹಿಡಿದು ಬಂದಳು. ನಿಂತಲ್ಲೇ ನನಗೇ ಕುಡಿಸಿದಳು. ನನ್ನ ಸ್ವಂತ ದನಿ ಕೇಳಿದವರು ಊರಲ್ಲಿ ಕಡಿಮೆ. ಕೇಳಿದವರೂ "ಇದು ಯಾರದ್ದು ಹೇಳು, ಗೊತ್ತಾಗ್ಲಿಲ್ಲ" ಅನ್ನುತ್ತಾರೆ.

ಇಂಥವನ ಕೈಗೆ ಒಬ್ಬಳು ರಾಣಿ ಸಿಕ್ಕಳು.

ಮುಂಗಾರಿನ ಮೊದಲ ಜೋರು ಮಳೆ ನಿಂತ ಸಂಜೆ ಅದು. ಅಂಗಡಿಯ ಟ್ಯೂಬ್‌ಲೈಟಿನ ಸುತ್ತ ರೆಕ್ಕೆಯಿರುವ ಗೊದ್ದಗಳು ಗಿರಗಿರ ಸುತ್ತಿ ಕಲ್ಲುಗಳ ಮೇಲೆ ಉದುರುತ್ತಿದ್ದವು. ಗೊದ್ದವೆಂದರೆ ನಮ್ಮ ಕಡೆ ದೊಡ್ಡ ಕಪ್ಪಿರುವೆ. ಅವ್ವ ಪೊರಕೆ ಹಿಡಿದು ಬಂದಳು. ಅಷ್ಟರಲ್ಲಿ ಅರ್ಧ ಕೆತ್ತಿದ ಒಂದು ಆನೆಯ ಬೆನ್ನ ಮೇಲೆ, ಅಪ್ಪನ ಆನೆ, ನಿಜವಾದ ಆನೆ, ದಪ್ಪ ಹೊಟ್ಟೆಯ ಒಂದು ಗೊದ್ದ ನಿಂತು ತನ್ನ ರೆಕ್ಕೆಗಳನ್ನು ತಾನೇ ಕಾಲಿನಿಂದ ತಳ್ಳಿ ಬೀಳಿಸಿಕೊಂಡಿತು. ಶಾಲೆಯಿಂದ ಬಂದವರು ಬ್ಯಾಗು ಎಸೆದ ಹಾಗೆ.

"ತಡಿ ಅವ್ವ, ಇದು ರಾಣಿ" ಅಂದೆ. ಇರುವೆ ಸಾಕುವವರ ವಿಡಿಯೋಗಳನ್ನು ನಾನು ಫೋನಿನಲ್ಲಿ ಬೇಕಾದಷ್ಟು ನೋಡಿದ್ದೆ. ರೆಕ್ಕೆ ಬಿಸಾಡಿದವಳು ಇನ್ನು ಹಾರುವುದಿಲ್ಲ, ಮೊಟ್ಟೆಯಿಡಲು ಜಾಗ ಹುಡುಕುತ್ತಾಳೆ ಎಂದು ಗೊತ್ತಿತ್ತು.

"ರಾಣಿಯಾದ್ರೆ ಅರಮನೆಗೋಗ್ಲಿ. ನನ್ ಸಕ್ಕರೆ ಡಬ್ಬಿಗ್ಯಾಕೆ ಬತ್ತಳೆ?" ಅಂದಳು ಅವ್ವ. ಆದರೆ ಪೊರಕೆ ಕೆಳಗಿಟ್ಟಳು.

ಅಕ್ಕನನ್ನು ಅರಸೀಕೆರೆಗೆ ಕೊಟ್ಟಿದೆ. ಅಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಫೋನು ಮಾಡಿ ಗಾಜಿನ ಕೊಳವೆ ಬೇಕು ಅಂದೆ.

"ಯಾಕೋ, ಏನಾಯ್ತೋ ನಿಂಗೆ?" ಎಂದು ಗಾಬರಿಯಾದಳು.

"ಗೊದ್ದಕ್ಕೆ."

"ಲೋ ಮಂಗ, ಗೊದ್ದಕ್ಕೆ ಶುಗರ್ ಟೆಸ್ಟು ಮಾಡಿಸ್ತೀಯೇನೋ?"

ಬಯ್ದರೂ ಮಾರನೆಯ ದಿನವೇ ಬಸ್ಸಿನಲ್ಲಿ ಕೊಟ್ಟು ಕಳಿಸಿದಳು. ಪ್ರತಿ ತಿಂಗಳು ಅಲ್ಲಿನ ಗಾಣದಿಂದ ಅಪ್ಪನ ಕಲ್ಲಿಗೆಂದು ಕೊಬ್ಬರಿ ಎಣ್ಣೆಯ ಕ್ಯಾನು ಕಳಿಸುತ್ತಾಳೆ. ಈ ಸಲ ಕ್ಯಾನಿನ ಕೊರಳಿಗೆ ಎರಡು ಕೊಳವೆ, ಒಂದು ಸಿರಿಂಜು, ಒಂದು ಹಿಡಿ ಹತ್ತಿ ಕಟ್ಟಿದ್ದಳು. ಕೊಳವೆಯ ತಳಕ್ಕೆ ನೀರು, ನೀರಿಗೆ ಹತ್ತಿಯ ಅಡ್ಡ, ಆಮೇಲೆ ರಾಣಿ, ಬಾಯಿಗೆ ಮತ್ತೆ ಹತ್ತಿ. ಅಷ್ಟೇ. ಕತ್ತಲಲ್ಲಿಟ್ಟು ಸುಮ್ಮನಿರಬೇಕು. ಮೊದಲ ಮಕ್ಕಳು ದೊಡ್ಡವರಾಗುವವರೆಗೆ ಅವಳು ಏನೂ ತಿನ್ನುವುದಿಲ್ಲ. ರೆಕ್ಕೆ ಬಡಿಯಲೆಂದು ಮೈಯಲ್ಲಿದ್ದ ಮಾಂಸವನ್ನೇ ಕರಗಿಸಿ ಮಕ್ಕಳಿಗೆ ಉಣಿಸುತ್ತಾಳೆ.

ಇದನ್ನು ಹೇಳಿದ ದಿನದಿಂದ ಅವ್ವನ ಬಾಯಲ್ಲಿ ಅವಳು ಬಾಣಂತಿಯಾದಳು. ಕೊಳವೆ ಇಟ್ಟಿದ್ದ ಬೀರುವಿನ ಬಾಗಿಲನ್ನು ನಾನು ದಿನಕ್ಕೆ ಹತ್ತು ಸಲ ತೆಗೆಯುತ್ತಿದ್ದರೆ, "ಬಾಣಂತಿ ಕೋಣೆಗೆ ಹಿಂಗೆ ನುಗ್ತಾರೇನೋ? ಗಾಳಿ ಆಡ್ತದೆ, ಮುಚ್ಚು" ಎಂದು ಗದರುತ್ತಿದ್ದಳು. ಸಕ್ಕರೆ ಡಬ್ಬಿಯ ಸುತ್ತ ಅರಿಶಿನದ ಗೆರೆ ಎಳೆದು ಇರುವೆ ಓಡಿಸುವವಳು, ಅದೇ ಬೀರುವಿನ ಮೇಲಿನ ಅಂಕಣದಲ್ಲಿ ಇರುವೆಯ ಬಾಣಂತನ ಮಾಡುತ್ತಿದ್ದಳು. ಎರಡು ತಿಂಗಳು ತುಂಬುವ ಹೊತ್ತಿಗೆ ಕೊಳವೆಯಲ್ಲಿ ಹನ್ನೊಂದು ಪುಟ್ಟ ಗೊದ್ದಗಳಿದ್ದವು. ಸಿರಿಂಜಿನಿಂದ ಒಂದು ತೊಟ್ಟು ಸಕ್ಕರೆ ನೀರು ಬಿಟ್ಟರೆ ಸುತ್ತ ನಿಂತು ಪಂಕ್ತಿಯ ಊಟ. ಅವುಗಳಲ್ಲಿ ಒಂದು ಮಾತ್ರ ಕೊಳವೆಯ ಈ ತುದಿಯಿಂದ ಆ ತುದಿಗೆ ಎಲ್ಲರನ್ನೂ ತಳ್ಳಿಕೊಂಡು ಓಡಾಡುತ್ತಿತ್ತು. ಅದಕ್ಕೆ ಕಂಡಕ್ಟರ್ ಎಂದು ಹೆಸರಿಟ್ಟೆ.

ಆದರೆ ನೀರಿನ ಕಡೆಯ ಹತ್ತಿ ಅಂಚಿನಿಂದ ಕಪ್ಪಾಗತೊಡಗಿತ್ತು. ಬೂಷ್ಟು. ಅದು ನೀರಿಗಿಳಿದರೆ ಬಾಣಂತಿ, ಮಕ್ಕಳು, ಗೂಡುಕಟ್ಟಿ ಮಲಗಿದ್ದ ಇನ್ನಷ್ಟು ಮರಿಗಳು ಎಲ್ಲವೂ ಹೋಗುತ್ತವೆ. ಅವರಿಗೆ ಮನೆ ಬೇಕಿತ್ತು. ವಿಡಿಯೋದವರು ಜಿಪ್ಸಮ್ಮಿನಲ್ಲಿ ಅಚ್ಚು ಹೊಯ್ಯುತ್ತಾರೆ, ಇಟ್ಟಿಗೆ ಕೊರೆಯುತ್ತಾರೆ. ನನ್ನ ಎಡಕ್ಕೂ ಬಲಕ್ಕೂ ಇದ್ದದ್ದು ಬಳಪದ ಕಲ್ಲು. ಕೆತ್ತಬೇಕು ಅಂದುಕೊಂಡೆ. ಯಾರಿಗೂ ತೋರಿಸಲಿಕ್ಕಲ್ಲ, ಮಾರಲಿಕ್ಕಲ್ಲ. ಆರು ಕಾಲಿನ ಗಿರಾಕಿಗೆ. ಇವರು ಹಂದಿಯೋ ಆನೆಯೋ ಎಂದು ಕೇಳುವವರಲ್ಲ.

ಗೇಣುದ್ದದ ಒಂದು ಹಲಗೆ ಕಲ್ಲು ಕೇಳಿದೆ. ಅಪ್ಪ ಕನ್ನಡಕದ ಮೇಲಿನಿಂದ ನೋಡಿದ.

"ಏನ್ ಮಾಡ್ತೀಯ್ಲಾ?"

"ಗೊದ್ದಕ್ಕೆ ಮನೆ."

"ಅವಕ್ಕೆ ಮಣ್ಣೈತಲ್ಲ. ಅವು ನಿನಗಿಂತ ಚೆನ್ನಾಗ್ ಕೆತ್ತುತ್ವೆ." ಆಮೇಲೆ ಕಾಲಿನಿಂದಲೇ ಒಂದು ಹಲಗೆಯನ್ನು ನನ್ನ ಕಡೆ ಸರಿಸಿ, "ಈ ಕಲ್ಲು ನೀರು ಕುಡಿಯಲ್ಲ, ತಿಳ್ಕೊ" ಅಂದ.

ಅದು ಬೈಗುಳದ ಹೊಟ್ಟೆಯಲ್ಲಿಟ್ಟು ಕೊಟ್ಟ ಬುದ್ಧಿ ಎಂದು ಎರಡು ದಿನ ಬಿಟ್ಟು ಹೊಳೆಯಿತು. ಇರುವೆಗೆ ತೇವ ಬೇಕು. ಕಲ್ಲು ನೀರು ಕುಡಿಯದಿದ್ದರೆ ಕುಡಿಯುವ ಏನನ್ನಾದರೂ ಒಳಗೆ ಕೂರಿಸಬೇಕು. ಹಿತ್ತಲಲ್ಲಿ ಒಡೆದ ಮಡಕೆಯ ಚೂರು ಸಿಕ್ಕಿತು. ಅದನ್ನು ಅರ ಹಾಕಿ ಸಮ ಮಾಡಿ, ಕಲ್ಲಿನ ಒಂದು ತುದಿಯಲ್ಲಿ ಬಿಗಿಯಾಗಿ ಕೂರಿಸಿ, ಅದರ ಬೆನ್ನಿಗೆ ಒಂದು ಪುಟ್ಟ ಬಾವಿ ತೋಡಿದೆ. ಬಾವಿಗೆ ಸಿರಿಂಜಿನಿಂದ ನೀರು ಬಿಟ್ಟರೆ ಮಡಕೆ ಚೂರು ನಿಧಾನಕ್ಕೆ ಹೀರಿ ಒಳಗಿನ ಕೋಣೆಯನ್ನು ತಂಪಾಗಿಡುತ್ತದೆ. ಓಡಿಹೋಗಿ ಅವ್ವನಿಗೆ ತೋರಿಸಿದೆ. ಅವಳು ಅದನ್ನು ದಿಟ್ಟಿಸಿ ನೋಡಿ, "ಓಹೋ, ನನ್ ನೀರಿನ ಮಡಕೆ ಒಡೆದೋನು ಯಾರು ಅಂತ ಇವತ್ತು ಗೊತ್ತಾಯ್ತು" ಅಂದಳು.

ಮೂರು ವಾರ ಕೆತ್ತಿದೆ. ಗಿರಾಕಿಗಳಿಲ್ಲದ ಬಿಸಿಲ ಹೊತ್ತಿನಲ್ಲಿ, ಅಪ್ಪ ಊಟ ಮುಗಿಸಿ ಒರಗಿದ ಹೊತ್ತಿನಲ್ಲಿ. ನಾಲ್ಕು ಕೋಣೆ. ಮಡಕೆ ಚೂರಿನ ಪಕ್ಕದ್ದು ದೊಡ್ಡದು, ಬಾಣಂತಿಗೆ. ಒಂದರಿಂದ ಒಂದಕ್ಕೆ ಬಳುಕುವ ಓಣಿ. ಇರುವೆಗೆ ಮೂಲೆಗಳು ಇಷ್ಟವಿಲ್ಲವೆಂದು ಗೋಡೆಗಳನ್ನೆಲ್ಲ ಮಾವಿನ ಓಟೆಯ ಹಾಗೆ ದುಂಡಗೆ ಮಾಡಿದೆ. ಸೊಂಟ ಮಾಡಲು ಬಾರದ ಕೈಗೆ ಓಣಿಯ ಬಳುಕು ಬಂತು. ಕೆತ್ತಿದ ಹಿಟ್ಟನ್ನೂ ಬಿಸಾಡಲಿಲ್ಲ. ಬಳಪದ ಕಲ್ಲಿನ ನಯವಾದ ಹಿಟ್ಟೆಂದರೆ ಮುಖಕ್ಕೆ ಹಾಕುವ ಪೌಡರಿನ ಬಡ ಅಣ್ಣ. ಸ್ಪಿರಿಟ್ಟಿನಲ್ಲಿ ಕಲೆಸಿ ಬಳಿದರೆ ಅದರ ಮೇಲೆ ಇರುವೆಯ ಕಾಲು ಜಾರುತ್ತದೆ. ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಡಬ್ಬವೊಂದರ ಒಳಗೋಡೆಯ ಅಂಚಿಗೆ ಅದನ್ನು ಬಳಿದು, ಮನೆಗೆ ಅಂಗಳ ಮಾಡಿ ಜೋಡಿಸಿದೆ. ವಿಡಿಯೋದವರು ಇದಕ್ಕೆಂದು ಅಂಗಡಿಯಲ್ಲಿ ಪೌಡರು ಕೊಳ್ಳುತ್ತಾರೆ, ಪಾಪ.

ಉಳಿದದ್ದು ಮೇಲಿನ ಗಾಜು. ಫೋಟೋ ಕಟ್ಟು ಹಾಕುವವರಲ್ಲಿ ಅಳತೆಗೆ ಕತ್ತರಿಸಿಕೊಂಡು ಬರಲು ಬೇಲೂರಿಗೆ ಹೋದೆ. ಕಟ್ಟು ಹಾಕುವವನು ಯಾವ ದೇವರ ಪಟ ಎಂದು ಕೇಳಿದ. ಗೊದ್ದ ಅಂದೆ. ಅವನು ಮರುಮಾತಿಲ್ಲದೆ ಕತ್ತರಿಸಿಕೊಟ್ಟ. ಬೇಲೂರಿನವರು ಎಲ್ಲ ಬಗೆಯ ಭಕ್ತರನ್ನೂ ನೋಡಿರುತ್ತಾರೆ. ಗಾಜನ್ನು ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಎಳೆಗೂಸಿನ ಹಾಗೆ ಎದೆಗವಚಿಕೊಂಡು ಬಂದೆ.

ಬಂದು ನೋಡುತ್ತೇನೆ, ಬೆಂಚಿನ ಮೇಲೆ ನನ್ನ ಕಲ್ಲು ಕಪ್ಪಗೆ ಮಿಂಚುತ್ತಿದೆ.

ಮೊದಲು ಗುರುತೇ ಹತ್ತಲಿಲ್ಲ. ಗೋಡೆ, ಓಣಿ, ಕೋಣೆಯ ತಳ, ಬಾಗಿಲ ಒಳಗಂಚು, ಎಲ್ಲ ಕಡೆ ಎಣ್ಣೆ. ಪಂಚೆಯ ಚೂರನ್ನು ಕಡ್ಡಿಗೆ ಸುತ್ತಿ ಓಣಿಯೊಳಗೂ ಆಡಿಸಿದ್ದು ಕಾಣುತ್ತಿತ್ತು. ಅಪ್ಪ ಆ ಕಡೆ ತಿರುಗಿ ಕೂತು ಯಾವುದೋ ದೀಪಸ್ತಂಭಕ್ಕೆ ಅರ ಹಾಕುತ್ತಿದ್ದ. ಅವನ ತಲೆಗೂದಲು ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು. ಕೈಗಂಟಿದ ಉಳಿದ ಎಣ್ಣೆಯನ್ನು ತಲೆಗೆ ಒರೆಸಿಕೊಳ್ಳುವುದು ಅವನ ರೂಢಿ. ಬೆಂಚಿನ ಕೆಳಗೆ ಬಗ್ಗಿ ನೋಡಿದೆ. ಹಂದಿ, ನಂದಿ, ನರ್ತಕಿ ಬುಟ್ಟಿಯಲ್ಲೇ ಇದ್ದರು. ನಾನೊಬ್ಬನೇ ಅಲ್ಲಿಂದ ಎದ್ದು ಬಂದಿದ್ದೆ.

ಇರುವೆಯ ಮನೆಗೆ ಎಣ್ಣೆ ಆಗಿಬರುವುದಿಲ್ಲ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಅವು ವಾಸನೆಯಲ್ಲಿ ಬದುಕುವ ಜೀವಗಳು. ದಾರಿ, ಗುರುತು, ಮಾತು ಎಲ್ಲವೂ ಅವಕ್ಕೆ ವಾಸನೆಯೇ. ಆದರೂ ತೊಳೆಯಲಿಲ್ಲ. ಅಪ್ಪ ನನ್ನ ಕೈಕೆಲಸಕ್ಕೆ ಮೊದಲ ಸಲ ಹಚ್ಚಿದ ಎಣ್ಣೆಯನ್ನು ತೊಳೆಯುವುದೆಂದರೆ ಮಾರ್ಕ್ಸ್ ಕಾರ್ಡನ್ನು ನಾನೇ ಹರಿದ ಹಾಗೆ. ಏನಾಗುತ್ತದೆ, ಸ್ವಲ್ಪ ಎಣ್ಣೆ ತಾನೇ, ಅಭ್ಯಾಸವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾವ ಗಿರಾಕಿಗೂ ಅಷ್ಟು ಸಲೀಸಾಗಿ ಸುಳ್ಳು ಹೇಳಿದವನಲ್ಲ ನಾನು.

ಗಾಜು ಮುಚ್ಚಿ, ಮೇಲೆ ಇರುವೆಯ ಕಣ್ಣಿಗೆ ಕತ್ತಲೆಯಾಗಿಯೇ ಕಾಣುವ ಕೆಂಪು ಜಿಲೇಟಿನ್ ಕಾಗದ ಹಾಸಿ, ಬಾವಿಗೆ ನೀರು ಬಿಟ್ಟು, ಕೊಳವೆಯ ಬಾಯಿಯನ್ನು ಅಂಗಳಕ್ಕೆ ತೆರೆದಿಟ್ಟೆ. ತಾವಾಗಿಯೇ ಹೋಗಬೇಕು, ಅಲ್ಲಾಡಿಸಿ ಸುರಿಯುವ ಹಾಗಿಲ್ಲ. ಕಂಡಕ್ಟರ್ ಹೊರಟಿತು. ಅಂಗಳ ದಾಟಿ ಬಾಗಿಲಿಗೆ ಬಂದು ಒಳಗೆ ಮೀಸೆ ಚಾಚಿತು. ಎರಡು ಹೆಜ್ಜೆ ಇಟ್ಟದ್ದೇ ಬೆಂಕಿ ತುಳಿದ ಹಾಗೆ ಹಿಂದಕ್ಕೆ ಜಿಗಿದು, ಮುಂಗಾಲುಗಳನ್ನು ಬಾಯಿಗೆ ಹಾಕಿ ಉಜ್ಜಿ ಉಜ್ಜಿ ಒರೆಸಿಕೊಂಡಿತು. ಆಮೇಲೆ ಕೊಳವೆಗೆ ವಾಪಸ್. ಇನ್ನೆರಡು ಬಂದವು, ಹಾಗೆಯೇ ಹೋದವು. ಆ ದಿನ ಯಾರೂ ಒಳಹೋಗಲಿಲ್ಲ. ಮಾರನೆಯ ದಿನವೂ ಇಲ್ಲ. ಕೊಳವೆಯ ನೀರು ಕಾಫಿ ಬಣ್ಣಕ್ಕೆ ತಿರುಗಿತ್ತು. ಸಂಜೆ ಎಣಿಸಿದರೆ ಹನ್ನೊಂದು ಹತ್ತಾಗಿತ್ತು. ಸತ್ತ ಒಂದನ್ನು ಉಳಿದವು ಕೊಳವೆಯ ಬಾಯಿಗೆ ತಂದಿಟ್ಟಿದ್ದವು, ನನಗೆ ಕಾಣುವ ಹಾಗೆ.

ಅವ್ವ ಬಗ್ಗಿ ನೋಡಿ, "ಎಷ್ಟು ಚೆಂದಾಗೈತಲ್ಲೋ ಮನೆ. ಯಾಕೋ ಹೋಗ್ತಿಲ್ಲ ಅವು?" ಅಂದಳು.

"ಕೊಬ್ಬರಿ ಎಣ್ಣೆ ವಾಸನೆ ಅವ್ವ."

"ಬಾಣಂತಿಗೆ ಎಣ್ಣೆ ಒಳ್ಳೇದಲ್ವೇನೋ?"

ನಾನು ಸತ್ತ ಗೊದ್ದವನ್ನು ಕಡ್ಡಿಯಿಂದ ಎತ್ತಿ ಹೊರಗೆ ಹಾಕಿದೆ.

ಮೂರನೆಯ ಬೆಳಿಗ್ಗೆ ಬೇರೆಯವರು ಬಂದರು. ಗೊದ್ದಗಳಿಗೆ ಬೇಡವಾದ ಎಣ್ಣೆ ಸಣ್ಣ ಕೆಂಪಿರುವೆಗಳಿಗೆ ಹಬ್ಬ. ಅಡುಗೆಮನೆಯ ಗೋಡೆಯಿಂದ ಹೊರಟ ಸಾಲು ಮೇಜಿನ ಕಾಲು ಹತ್ತಿ, ಡಬ್ಬದ ಹೊರಗಿನಿಂದ ಬಳಸಿ, ಗಾಜಿನ ಸಂದಿಯಿಂದ ನನ್ನ ಕೋಣೆಗಳಿಗೆ ಇಳಿಯುತ್ತಿತ್ತು. ಕಂಡಕ್ಟರ್ ಕೊಳವೆಯ ಬಾಯಲ್ಲಿ ದವಡೆ ತೆರೆದು ಅಡ್ಡ ನಿಂತಿತ್ತು. ಅದರ ಹಿಂದೆ ಉಳಿದವು ಮರಿಗಳನ್ನು ಕಚ್ಚಿಕೊಂಡು ರಾಣಿಯ ಹೊಟ್ಟೆಯಡಿ ಒತ್ತೊತ್ತಾಗಿ ಸೇರಿದ್ದವು. ಕೆಂಪಿನವು ನೂರಾರು. ಇವು ಹತ್ತು.

ನಾನು ಕೂಗಿದ ಕೂಗಿಗೆ ಅವ್ವ ಓಡಿಬಂದಳು. ಆ ಕೂಗು ಯಾರ ಅನುಕರಣೆಯೂ ಆಗಿರಲಿಲ್ಲ. ಅವ್ವ ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡು, ಕೊಳವೆಯ ಬಾಯಿಗೆ ಹತ್ತಿ ತುರುಕಿ, ಅದನ್ನು ಸೆರಗಿನಲ್ಲಿ ಒರೆಸಿ, ನೀರು ತುಂಬಿದ ತಟ್ಟೆಯ ನಡುವೆ ಬೋರಲಾಗಿಟ್ಟ ಲೋಟದ ಮೇಲೆ ಮಲಗಿಸಿದಳು. ಹಾಲಿನ ಪಾತ್ರೆಗೆ ಇರುವೆ ಬಾರದಂತೆ ದಿನಾ ಮಾಡುವ ಉಪಾಯ ಅದು; ಇಂದು ಇರುವೆಯನ್ನೇ ಇರುವೆಯಿಂದ ಕಾಪಾಡಿತು. "ಇದ್ನ ನಾನ್ ನೋಡ್ಕೋತೀನಿ. ನೀನು ಆ ಕಲ್ಲು ನೋಡೋಗು" ಅಂದಳು.

ಕಲ್ಲನ್ನು ಬಚ್ಚಲಿಗೆ ಒಯ್ದೆ. ಸೀಗೆಪುಡಿ, ಕಡಲೆಹಿಟ್ಟು, ಬಿಸಿನೀರು. ಎಣ್ಣೆಸ್ನಾನ ಮಾಡಿಸಿಕೊಂಡ ಮಗುವಿನ ತಲೆ ತಿಕ್ಕಿದ ಹಾಗೆ ತಿಕ್ಕಿದೆ. ನೊರೆ ಬಂತು, ಹೊಳಪು ಹೋಗಲಿಲ್ಲ. ಎರಡನೆಯ ಸಲ ತಿಕ್ಕುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಅಪ್ಪ.

ನನ್ನ ಕೈ ನಿಂತಿತು. ಅಂಗಡಿಯ ಬಾಯಿಯೂ.

"ಅವು ಹೋಗ್ತಿಲ್ಲ ಅಪ್ಪ" ಅಂದೆ ಕೊನೆಗೆ. "ಎಣ್ಣೆಗೆ. ಒಂದು ಸತ್ತೋಯ್ತು."

ಅಪ್ಪ ಕಲ್ಲನ್ನು ನೋಡಿದ, ನೊರೆಯನ್ನು ನೋಡಿದ. "ಮೊದ್ಲೇ ಯಾಕ್ ಹೇಳ್ಲಿಲ್ಲ?"

"ನೀನು ಹಚ್ಚಿದ್ದು..."

"ಹಚ್ಚಿದ್ರೆ?"

"ಬುಟ್ಟಿಗೆ ಹಾಕ್ಲಿಲ್ವಲ್ಲ ಅಂತ."

ಅಪ್ಪ ಬಗ್ಗಿ ಕಲ್ಲಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಬಚ್ಚಲ ಹಂಡೆಯಲ್ಲಿ ನೀರು ಗುಳುಗುಳು ಅನ್ನುತ್ತಿತ್ತು. "ಥೂ, ನಿನ್ನ" ಅಂದ. "ಅದುಕ್ಕೆ ಬಾಣಂತೀನ ಸಾಯಿಸ್ತೀಯೇನ್ಲಾ? ಸೀಗೆಕಾಯಿಗೆ ಹೋಗೋದಲ್ಲ ಅದು. ಕಲ್ಲು ಕುಡ್ದುಬಿಟ್ಟೈತೆ."

"ಈ ಕಲ್ಲು ಕುಡಿಯಲ್ಲ ಅಂದಿದ್ದೆಯಲ್ಲಪ್ಪ?"

"ನೀರು ಕುಡಿಯಲ್ಲ ಅಂದೆ. ಎಣ್ಣೆ ಕುಡಿಯಲ್ಲ ಅಂದ್ನಾ? ಎದ್ದೇಳು."

ಅಂಗಡಿಯ ಹಿಂದಿನ ಕೆಲಸದ ಚಪ್ಪರಕ್ಕೆ ಕರೆದೊಯ್ದು ನನ್ನನ್ನು ತನ್ನ ಜಾಗದಲ್ಲಿ, ಆ ಸವೆದ ಮಣೆಯ ಮೇಲೆ ಕೂರಿಸಿದ. ಎಣ್ಣೆ ಇಳಿದಷ್ಟು ಆಳಕ್ಕೆ, ಅಂದರೆ ಉಗುರಿನ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಇಡೀ ಒಳಗನ್ನು ಮತ್ತೆ ಕೆತ್ತಿ ತೆಗೆಯಬೇಕು. ಮೂರು ವಾರದ ಕೆಲಸದ ಮೇಲೆ ಒಂದು ದಿನದಲ್ಲಿ ಇನ್ನೊಂದು ಕೆಲಸ. ಉಳಿಯನ್ನು ಅಪ್ಪನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಕೆತ್ತು. ಉಳಿ ನಾನ್ ಮಸೀತೀನಿ."

ಇದು ಹೊರಗಿನವರಿಗೆ ಸಣ್ಣ ಮಾತು. ನಮ್ಮ ಕಸುಬಿನಲ್ಲಿ ಕಲಿಯುವವನು ಉಳಿ ಮಸೆಯುತ್ತಾನೆ, ಕಲಿತವನು ಕೆತ್ತುತ್ತಾನೆ. ಅಪ್ಪನ ಉಳಿಗಳನ್ನು ನಾನು ಏಳನೇ ವಯಸ್ಸಿನಿಂದ ಮಸೆದಿದ್ದೇನೆ. ಅವನು ತನ್ನ ಗುರುವಿನದನ್ನು ಹತ್ತು ವರ್ಷ ಮಸೆದನಂತೆ. ಆ ದಿನ ಅಪ್ಪ ಮಸೆಗಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ನೀರು ಚಿಮುಕಿಸಿ, ಸಣ್ಣುಳಿ ಮಸೆದು ಕೊಟ್ಟ. ಅದು ಮೊಂಡಾದರೆ ಇನ್ನೊಂದು ಕೊಟ್ಟ. ಅಂಗಡಿಗೆ ಗಿರಾಕಿಗಳು ಬಂದು ಕೂಗಿ ಹೋದರು. ಅವ್ವ ಅಲ್ಲಿಗೇ ರಾಗಿ ಮುದ್ದೆ ತಂದಳು. ನಾನು ತಲೆಯೆತ್ತದೆ ಕೆತ್ತಿದೆ. ಕೆರೆದಲ್ಲೆಲ್ಲ ಕಪ್ಪಿನ ಕೆಳಗಿನಿಂದ ಬಿಳಿ ಕಲ್ಲು ಎದ್ದು ಬರುತ್ತಿತ್ತು. ಅಪ್ಪ ಹಚ್ಚಿದ ಎಣ್ಣೆಯನ್ನು ಅಪ್ಪನ ಕಣ್ಣೆದುರೇ, ಅಪ್ಪ ಮಸೆದ ಉಳಿಯಿಂದ ಕೆರೆದು ಹಾಕುತ್ತಿದ್ದೆ. ಅವನ ಕಡೆ ನೋಡಲು ಒಂದೆರಡು ಸಲ ಧೈರ್ಯ ಬಂತು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಉಳಿಯ ತುದಿ ನೋಡುತ್ತಿದ್ದ.

ಮಧ್ಯಾಹ್ನ ಇಳಿದ ಮೇಲೆ ಬೆರಳು ಚಾಚಿ ಬಾಗಿಲು ತೋರಿಸಿದ. "ಇದ್ನ ಅಗಲ ಮಾಡು. ಮಕ್ಕಳ ಅಳತೆಗೆ ಇಟ್ಟಿದ್ದೀಯ. ಯಜಮಾನಿ ದಪ್ಪ ಅವಳೆ."

ಮೂರು ವಾರ ಕೆತ್ತಿದ ನನಗೆ ಇದು ಹೊಳೆದಿರಲಿಲ್ಲ. ರಾಣಿಗೆ ಅರಮನೆ ಕಟ್ಟಿ ಬಾಗಿಲನ್ನು ಸೇವಕಿಯರ ಅಳತೆಗೆ ಇಟ್ಟಿದ್ದೆ. ಅಪ್ಪ ಯಾವಾಗ ಬೀರುವಿನ ಬಾಗಿಲು ತೆಗೆದು ಅವಳ ದಪ್ಪ ನೋಡಿದ್ದನೋ ಅವನೇ ಬಲ್ಲ.

ಸಂಜೆಯ ಬೆಳಕಿರುವಾಗಲೇ ಮುಗಿಯಿತು. ತೊಳೆದು, ಒಲೆಯ ಪಕ್ಕ ಒಣಗಿಸಿ, ಬೆಳಿಗ್ಗೆ ಮತ್ತೆ ಗಾಜು ಮುಚ್ಚಿದೆ. ಈ ಸಲ ಮೇಜಿನ ನಾಲ್ಕೂ ಕಾಲುಗಳಿಗೆ ಅವ್ವ ನೀರಿನ ಬಟ್ಟಲು ಕೊಟ್ಟಿದ್ದಳು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಒಡ್ಡಿ, ಹತ್ತಿ ತೆಗೆದು, ಮೂವರೂ ಸುತ್ತ ಕೂತೆವು. ಅಕ್ಕ ವಿಡಿಯೋ ಕಾಲಿನಲ್ಲಿ ಅರಸೀಕೆರೆಯಿಂದ ಕೂತಳು. "ಲೋ, ಮನೆ ಒಕ್ಕಲಿಗೆ ಹಾಲು ಉಕ್ಸಿದ್ರಾ?" ಎಂದು ನಗುತ್ತಿದ್ದಳು. ಅವ್ವ ನಿಜವಾಗಿಯೂ ಎದ್ದು ಹೋಗಿ ಒಲೆ ಮೇಲೆ ಹಾಲಿಟ್ಟು ಬಂದಳು.

ಕಂಡಕ್ಟರ್ ಹೊರಟಿತು. ಅಂಗಳ ದಾಟಿತು. ಬಾಗಿಲಲ್ಲಿ ನಿಂತಿತು. ಮೀಸೆ ಎಡಕ್ಕೆ, ಬಲಕ್ಕೆ, ನೆಲಕ್ಕೆ. ಒಂದು ಹೆಜ್ಜೆ, ಇನ್ನೊಂದು. ಮುಂಗಾಲು ಒರೆಸಿಕೊಳ್ಳಲಿಲ್ಲ. ಒಳಗೆ ಹೋಯಿತು.

ಹೋದದ್ದು ಬರಲೇ ಇಲ್ಲ. ಅವ್ವನ ಹಾಲು ಉಕ್ಕಿ, ಅವಳು ಓಡಿಹೋಗಿ ಇಳಿಸಿ, ಮೂವರಿಗೂ ಕಾಫಿಯಾಗಿ ಬರುವವರೆಗೂ ಅದರ ಪತ್ತೆಯಿಲ್ಲ. ಆಮೇಲೆ ಬಂತು ನೋಡಿ. ಓಟ ಅಂದರೆ ಓಟ. ಕೊಳವೆಗೆ ನುಗ್ಗಿ, ಸಿಕ್ಕಿದವರ ತಲೆಗೆಲ್ಲ ಮೀಸೆಯಿಂದ ಟಪಟಪ ಬಡಿದು, ಒಂದನ್ನು ಕಚ್ಚಿ ಎಳೆದುಕೊಂಡೇ ಹೊರಟಿತು. "ಒಳಗ್ ಹೋಗಿ ಒಳಗ್ ಹೋಗಿ, ಹಿಂದ್ಗಡೆ ಖಾಲಿ ಐತೆ, ರೈಟ್ ರೈಟ್!" ಎಂದು ನಾನು ಅರಸೀಕೆರೆ ಬಸ್ಸಿನ ದನಿಯಲ್ಲಿ ಕೂಗಿದೆ. ಅಪ್ಪ ನಕ್ಕ. ಅಪ್ಪ ನನ್ನ ಮಿಮಿಕ್ರಿಗೆ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಒಂದೊಂದೇ ಗೊದ್ದ ಗೂಡುಕಟ್ಟಿದ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅಂಗಳ ದಾಟಿತು, ಅಕ್ಕಿಕಾಳು ಹೊತ್ತು ನಡೆಯುವ ಮೆರವಣಿಗೆಯ ಹಾಗೆ.

ಎಲ್ಲ ಹೋದ ಮೇಲೆ ಕೊಳವೆಯಲ್ಲಿ ರಾಣಿ ಒಬ್ಬಳೇ ಉಳಿದಳು. ಕಂಡಕ್ಟರ್ ಮತ್ತೆ ಬಂದು ಅವಳ ದವಡೆ ಹಿಡಿದು ಎಳೆಯಿತು. ಅವಳು ಹಿಂದೆ ಸರಿದಳು. ಮತ್ತೆ ಎಳೆಯಿತು. ಸುಮಾರು ಮೂರು ತಿಂಗಳ ಮೇಲೆ ಮೊದಲ ಸಲ ಅವಳು ಹೊರಗೆ ಕಾಲಿಟ್ಟಳು. ಹೊಟ್ಟೆ ಎಳೆದುಕೊಂಡು, ನಿಂತು ನಿಂತು, ಅಂಗಳ ದಾಟಿ ಬಾಗಿಲಿಗೆ ಬಂದಳು. ತಲೆ ಹೋಯಿತು. ಎದೆ ಹೋಯಿತು. ಹೊಟ್ಟೆ ಎರಡೂ ಕಡೆ ಗೋಡೆಗೆ ಸವರಿಕೊಂಡು, ಒಂದು ಕೂದಲೆಳೆಯ ಜಾಗವೂ ಉಳಿಯದೆ, ಒಳಗೆ ಹೋಯಿತು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಆ ಎರಡ್ನೇ ಓಣಿ ಇನ್ನೊಂಚೂರು ನಯ ಆಗ್ಬೇಕಿತ್ತು" ಅಂದ. ಆಮೇಲೆ ಎದ್ದು ಪಂಚೆಯ ಚೂರು, ಎಣ್ಣೆಯ ಬಟ್ಟಲು ತಂದ. ನಾನು ಗಾಜಿನ ಮೇಲೆ ಕೈ ಅಡ್ಡ ಹಿಡಿದೆ. "ಹೆದರ್ಬ್ಯಾಡ, ಒಳಗಡೆದು ಅವರ್ದು" ಎಂದು, ಕೆಂಪಿರುವೆಗೆ ಸಿಗದಷ್ಟು ತೆಳ್ಳಗೆ, ಕಲ್ಲಿನ ಹೊರಬೆನ್ನಿಗೆ ಮಾತ್ರ, ಗಾಜಿನಿಂದ ಎರಡು ಬೆರಳು ದೂರದಲ್ಲಿ, ಒಂದು ಸುತ್ತು ಒರೆಸಿ ಆ ಬಟ್ಟೆಯಲ್ಲೇ ಒಣಗುವವರೆಗೆ ತಿಕ್ಕಿದ. ಉಳಿದದ್ದನ್ನು ಈ ಸಲ ತನ್ನ ತಲೆಗೆ ಒರೆಸಿಕೊಳ್ಳಲಿಲ್ಲ. ನನ್ನ ತಲೆಗೆ ಒರೆಸಿದ.

ಈಗ ಆ ಮನೆ ಅಂಗಡಿಯ ಮೂಲೆಯಲ್ಲಿ, ನೀರಿನ ಬಟ್ಟಲುಗಳ ಮೇಲೆ ನಿಂತ ಮೇಜಿನ ಮೇಲಿದೆ. ಗೊದ್ದಗಳನ್ನು ಎಣಿಸುವುದನ್ನು ಬಿಟ್ಟಿದ್ದೇನೆ; ನಾಲ್ಕು ಕೋಣೆಯೂ ತುಂಬಿವೆ, ಎರಡನೆಯ ಕಲ್ಲಿಗೆ ಕೈ ಹಾಕಿದ್ದೇನೆ. ದೇವಸ್ಥಾನ ನೋಡಿ ಬಂದವರು ಇದನ್ನೂ ನೋಡಿ ಹೋಗುತ್ತಾರೆ.

ಮೊನ್ನೆ ಊಟ ಮಾಡಿ ಕೈ ತೊಳೆದು ಚಪ್ಪರಕ್ಕೆ ಬಂದೆ. ಅಂಗಡಿಯಿಂದ ನನ್ನ ದನಿ ಕೇಳಿಸಿತು. "ಇಲ್ನೋಡಿ ಸಾರ್, ಇದು ಬಾಣಂತಿ ಕೋಣೆ. ಇದು ಓಣಿ. ಇವ್ನು ನೋಡಿ, ಓಡಾಡ್ತಾವ್ನಲ್ಲ, ಕಂಡಕ್ಟರ್ ಜಾತಿ, ಟಿಕೆಟ್ ಇಲ್ದೆ ಬಿಡಲ್ಲ." ನಾನು ಹೇಳುವ ಹಾಗೆಯೇ, ನಾನು ಮಾತಿನ ನಡುವೆ ಗಬಕ್ಕನೆ ಉಸಿರೆಳೆದುಕೊಳ್ಳುವುದೂ ಸೇರಿ. ಕಲ್ಲಿನ ಮೂಟೆಗಳ ಹಿಂದಿನಿಂದ ಇಣುಕಿದೆ. ಅಪ್ಪ. ಕೈಯನ್ನೂ ನನ್ನ ಹಾಗೆಯೇ ಆಡಿಸುತ್ತಿದ್ದ. ಅಷ್ಟು ಚೆನ್ನಾಗಿರಲಿಲ್ಲ ಎಂದು ಸುಳ್ಳು ಹೇಳಬಹುದು. ಚೆನ್ನಾಗಿತ್ತು.

"ಇದಕ್ಕೆಷ್ಟು?" ಎಂದು ಕೇಳಿದರು ಬಂದವರು.

ಅಪ್ಪ ಎರಡು ಸಲ ಕೆಮ್ಮಿದ. ಆ ಕೆಮ್ಮಿನ ಹಿಂದೆ ಯಾವತ್ತೂ ಬೆಲೆ ಬರುತ್ತದೆ.

"ಅದ್ರೊಳಗೆ ಸಂಸಾರ ಐತೆ ಸಾರ್. ಅದ್ನ ಹೆಂಗ್ ಕೊಡೋದು?"

"ಹಾಗಾದ್ರೆ ಇಂಥದೇ ಇನ್ನೊಂದು ಮಾಡಿಕೊಡ್ತೀರಾ?"

"ಅದ್ನ ಕೆತ್ತೋನ್ನ ಕೇಳ್ಬೇಕು. ಊಟಕ್ಕೆ ಹೋಗವ್ನೆ, ಕೂತ್ಕೊಳಿ" ಅಂದ ಅಪ್ಪ.

ನಾನು ಮೂಟೆಗಳ ಹಿಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಆಮೇಲೆ ಒಳಗೆ ಹೋಗುವ ಮೊದಲು ಒಂದು ಸಲ ಕೆಮ್ಮಿದೆ. ನನ್ನದೇ ಕೆಮ್ಮು.